ಮಣಿಕಟ್ಟಿಗೋ, ತೋಳಿಗೋ? ಬಿಪಿ ಮೆಷಿನ್ ಹಿಂದೆ ಬಿದ್ದ ಮೂರು ತಿಂಗಳು

ಸಂಜೆ ಮುಂಬೈ ಲೋಕಲ್ ರೈಲಿನಲ್ಲಿ ನಿಂತೇ ಬಂದು, ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತಿಳಿದು, ಹಾಗೇ ಡಾಕ್ಟರ್ ಮುಂದೆ ಕೂತರೆ ನನ್ನ ಬಿಪಿ 152/96. ಡಾಕ್ಟರ್ ಮಾತ್ರೆ ಜಾಸ್ತಿ ಮಾಡೋಣವಾ ಅಂತ ಯೋಚಿಸಿ, ಮೊದಲು ಮನೆಯಲ್ಲಿ ಅಳೆದು ಬರೆದು ತನ್ನಿ ಎಂದರು. ಅಲ್ಲಿಂದ ಶುರುವಾಯಿತು.

ಮೊದಲು ಹೋಗಿದ್ದು ಓಣಿಯ ಮೆಡಿಕಲ್ ಅಂಗಡಿಗೆ. ಕೌಂಟರ್ ಪಕ್ಕದ ಸ್ಟೂಲು, ಬೆನ್ನಿಗೆ ಆಸರೆ ಇಲ್ಲ, ಕಾಲು ತೂಗಾಡುತ್ತಿರುತ್ತೆ. ಪಟ್ಟಿ ಬಿಗಿಯುತ್ತಿರುವಾಗಲೇ ಹುಡುಗ ಮರಾಠಿಯಲ್ಲಿ ಊರು, ಕೆಲಸ ಎಲ್ಲ ವಿಚಾರಿಸುತ್ತಾನೆ. ಮಾತಾಡಿದರೂ ಬಿಪಿ ಏರುತ್ತೆ. ಎರಡೇ ಸಲಕ್ಕೆ ಬಿಟ್ಟೆ.

ಆಮೇಲೆ ಮಣಿಕಟ್ಟಿನ ಮೆಷಿನ್ ತಂದೆ. ಆಫೀಸ್ ಚೀಲದಲ್ಲಿ ಹಿಡಿಸುತ್ತೆ, ಅಂಗಿ ತೋಳು ಮಡಚುವ ಗೋಜಿಲ್ಲ. ಕೈಯನ್ನು ತೊಡೆಯ ಮೇಲಿಟ್ಟು ಅಳೆದೆ: 161/104. ಎದೆ ಧಸಕ್ಕೆಂದಿತು. ಎರಡು ನಿಮಿಷ ಬಿಟ್ಟು ಕೈಯನ್ನು ಎದೆ ಮಟ್ಟಕ್ಕೆ ಎತ್ತಿ ನೋಡಿದರೆ 146/89. ಅದೇ ಕೈ, ಅದೇ ಮನುಷ್ಯ! ಮಣಿಕಟ್ಟು ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಬಿಪಿ ಸುಮಾರು 7-8 ಅಂಕ ಜಾಸ್ತಿ ತೋರಿಸುತ್ತದಂತೆ. ದಿನಕ್ಕೆ ಹತ್ತು ಸಲ ಅಳೆಯತೊಡಗಿದೆ. "ರೀ, ನಿಮ್ಮ ಬಿಪಿ ಏರೋದೇ ಆ ಡಬ್ಬಿ ನೋಡಿ," ಎಂದಳು ಹೆಂಡತಿ. ಸುಳ್ಳಲ್ಲ.

ಕೊನೆಗೆ ತೋಳಿನ ಮೆಷಿನ್. ಇದರಲ್ಲೂ ಮೊದಲ ವಾರ ಮೋಸ ಹೋದೆ. ಜೊತೆಗೆ ಬಂದ ಪಟ್ಟಿ 22ರಿಂದ 32 ಸೆಂಟಿಮೀಟರ್ ತೋಳಿಗೆ. ಟೈಲರ್ ಟೇಪ್ ಹಿಡಿದರೆ ನನ್ನದು 34. ಬಿಗಿ ಪಟ್ಟಿಯೂ ಬಿಪಿಯನ್ನು ಜಾಸ್ತಿಯೇ ತೋರಿಸುತ್ತೆ. ದೊಡ್ಡ ಪಟ್ಟಿ ಬೇರೆ ಕೊಳ್ಳಬೇಕಾಯಿತು. ಅಂಗಡಿಯವನು ಇದನ್ನು ಮೊದಲೇ ಹೇಳಬಾರದಿತ್ತಾ?

ಆಮೇಲೆ ಡಾಕ್ಟರ್ ಹೇಳಿದ ಕ್ರಮಕ್ಕೇ ಅಂಟಿಕೊಂಡೆ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ಕಾಫಿಗೂ ಮಾತ್ರೆಗೂ ಮುಂಚೆ, ಐದು ನಿಮಿಷ ಸುಮ್ನೆ ಕೂರುವುದು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕಾಲ ಮೇಲೆ ಕಾಲಿಲ್ಲ, ತೋಳು ಮೇಜಿನ ಮೇಲೆ. ಒಂದು ನಿಮಿಷ ಬಿಟ್ಟು ಎರಡು ಸಲ. ಸಂಜೆ ಮತ್ತೆ ಹಾಗೇ. ಏಳು ದಿನ ಬರೆದು, ಮೊದಲ ದಿನದ್ದು ಬಿಟ್ಟು ಸರಾಸರಿ. ಐದು ನಿಮಿಷ ಸುಮ್ಮನೆ ಕೂರೋದೇ ಕಷ್ಟ, ಬೆಳಿಗ್ಗೆ 7.40ರ ಗಾಡಿ ಹಿಡಿಯುವವರಿಗೆ ಗೊತ್ತು.

ಬಂದಿದ್ದು 138/86. ಡಾಕ್ಟರ್ ಬಳಿ ಅಳೆದಾಗ 140/90 ಗಡಿ, ಮನೆಯಲ್ಲಿ 135/85. ಅಂದರೆ ನನ್ನದು ಜಾಸ್ತಿಯೇ, ಆದರೆ ಹೆದರಿದಷ್ಟಲ್ಲ. ಬಿಳಿ ಕೋಟು ಕಂಡರೆ ನಿಮಗೆ ಸ್ವಲ್ಪ ಏರುತ್ತೆ ಎಂದರು ಡಾಕ್ಟರ್. ಮಾತ್ರೆ ಇದ್ದಷ್ಟೇ ಇರಲಿ, ಒಂದು ತಿಂಗಳು ಉಪ್ಪು ಇಳಿಸಿ, ನಡೆಯಿರಿ ಎಂದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಹೆಚ್ಚುಕಡಿಮೆ ಒಂದು ಟೀ ಚಮಚ. ಊಟದ ಡಬ್ಬಿಯ ಮಿಡಿ ಉಪ್ಪಿನಕಾಯಿ, ಹಪ್ಪಳ ಲೆಕ್ಕ ಹಾಕಿದರೆ ನಾನು ಮಧ್ಯಾಹ್ನಕ್ಕೇ ಅದನ್ನು ದಾಟುತ್ತಿದ್ದೆ; ಸಂಜೆಯ ಕುರುಕಲು ಫರಸಾಣ್ ಬೇರೆ. ಉಪ್ಪಿನಕಾಯಿ ಬಿಡುವುದಕ್ಕೆ ಪಟ್ಟ ಸಂಕಟ ಮಾತ್ರ ಹೇಳತೀರದು. ಶೇರ್ ರಿಕ್ಷಾ ಬಿಟ್ಟು ಸ್ಟೇಷನ್ನಿಗೆ ನಡೆಯುವುದು ಅದರ ಮುಂದೆ ಏನೂ ಅಲ್ಲ.

ತಿಂಗಳ ಸರಾಸರಿ 131/82. ಒಂದು ಬೆಳಿಗ್ಗೆ 122 ಕಂಡು, ಮಾತ್ರೆ ಅರ್ಧ ಮಾಡಲಾ ಎಂದೆ. ಹೆಂಡತಿ ಮಾತಾಡಲಿಲ್ಲ, ಬಿಪಿ ಡಬ್ಬಿಯನ್ನೇ ಎತ್ತಿಟ್ಟಳು.

ಹಾಗಾಗಿ ನನ್ನ ಓಟು ತೋಳಿನದಕ್ಕೆ, ಸರಿಯಾದ ಪಟ್ಟಿ ಇದ್ದರೆ. ಒಮ್ಮೆ ಅದನ್ನು ಡಾಕ್ಟರ್ ಬಳಿಗೆ ಒಯ್ದು ಅವರದರ ಪಕ್ಕ ಇಟ್ಟು ನೋಡಿದೆ; ವ್ಯತ್ಯಾಸ 3 ಅಂಕ. ಮಣಿಕಟ್ಟಿನದು, ಯಾವ ಪಟ್ಟಿಯೂ ಸಾಲದಷ್ಟು ತೋಳು ದಪ್ಪ ಇರುವವರಿಗೆ ಸರಿ. ನನ್ನದು ಈಗ ಮಹಡಿ ಮನೆಯ ಕಾಕಾ ಹತ್ತಿರ ಇದೆ. ತೊಡೆ ಮೇಲಿಟ್ಟೇ ಅಳೆಯುತ್ತಾರೆ, ಎಷ್ಟು ಹೇಳಿದರೂ.