ಗೋಳೀಯ ದರ್ಪಣದ ಕಿಟ್: ಕನ್ನಡಿಗೆ ಪೂರ್ತಿ ಅಂಕ, ಪುಸ್ತಿಕೆಗೆ ಸೊನ್ನೆ

ನಾನು ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ದರ್ಪಣಗಳ ಪಾಠ ಬಂದರೆ ವಸ್ತು ಎಲ್ಲಿದ್ದರೆ ಪ್ರತಿಬಿಂಬ ಎಲ್ಲಿ, ಎಂಥದ್ದು ಅನ್ನುವ ಆ ಆರು ಸಾಲಿನ ಕೋಷ್ಟಕವನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಆದರೆ ಸತ್ಯ ಪ್ರತಿಬಿಂಬ (ಪರದೆ ಮೇಲೆ ಹಿಡಿಯಬಹುದಾದದ್ದು) ಎಲ್ಲಿ ಇರುತ್ತೆ ಅಂತ ಕೇಳಿದರೆ ಬೆರಳು ಕನ್ನಡಿ ಕಡೆಗೇ ಹೋಗುತ್ತದೆ. ಅದಕ್ಕೇ ಈ ಕಿಟ್ ತರಿಸಿದೆ. ಒಂದು ನಿಮ್ನ ದರ್ಪಣ (ಒಳಕ್ಕೆ ಬಾಗಿದ ಕನ್ನಡಿ), ಒಂದು ಪೀನ ದರ್ಪಣ (ಹೊರಕ್ಕೆ ಉಬ್ಬಿದ್ದು), ಸ್ಟ್ಯಾಂಡ್‌ಗಳು, ಮೀಟರ್ ಸ್ಕೇಲು, ಪರದೆ, ಒಂದು ಎಲ್‌ಇಡಿ ದೀಪ, ಜೊತೆಗೆ ಪುಸ್ತಿಕೆ.

ನಿಮ್ನ ದರ್ಪಣ ನಿಜಕ್ಕೂ ಚೆನ್ನಾಗಿದೆ. ಸಂಗಮದೂರ, ಅಂದರೆ ದೂರದಿಂದ ಬಂದ ಕಿರಣಗಳು ಕೂಡುವ ಜಾಗಕ್ಕೂ ಕನ್ನಡಿಗೂ ಇರುವ ಅಂತರ, 15 ಸೆಂ.ಮೀ. ಅಂತ ಬರೆದಿದ್ದಾರೆ. ದೂರದ ಮರವನ್ನು ಕಾಗದದ ಮೇಲೆ ಮೂಡಿಸಿ ಅಳೆದೆ, ಸರಿಯಾಗೇ ಇದೆ. ದೀಪವನ್ನು ಕನ್ನಡಿಯಿಂದ 20 ಸೆಂ.ಮೀ. ದೂರದಲ್ಲಿಟ್ಟರೆ ಮೂರು ಪಟ್ಟು ದೊಡ್ಡ ಪ್ರತಿಬಿಂಬ 60ರ ಹತ್ತಿರ ಸಿಗುತ್ತದೆ. 10ಕ್ಕೆ ತಂದರೂ ಮೂರು ಪಟ್ಟೇ, ಆದರೆ ಈಗ ನೆಟ್ಟಗೆ, ಕನ್ನಡಿಯ ಹಿಂದೆ, ಪರದೆಗೆ ಸಿಗದ ಹಾಗೆ. ಈ ಎರಡನ್ನೂ ಒಂದರ ಹಿಂದೆ ಒಂದು ತೋರಿಸಿ. ಸತ್ಯ, ಮಿಥ್ಯ ಅಂತ ಆಮೇಲೆ ಜಾಸ್ತಿ ವಿವರಿಸಬೇಕಾಗಿಲ್ಲ.

ದೀಪ ಮಾಡಿದವರಿಗೆ ತಲೆ ಇದೆ. ಬೆಳಕು ಬರುವ ಕಿಂಡಿ ಬಾಣದ ಆಕಾರದಲ್ಲಿಲ್ಲ, ಇಂಗ್ಲಿಷಿನ ಎಫ್ ಅಕ್ಷರದ ಆಕಾರದಲ್ಲಿದೆ. ಬಾಣ ಇಟ್ಟರೆ ಮೇಲು ಕೆಳಗಾದದ್ದು ಮಾತ್ರ ಕಾಣುತ್ತದೆ. ಎಫ್ ಆದರೆ ಎಡಬಲವೂ ಅದಲುಬದಲಾಗಿದ್ದು ಕಾಣುತ್ತದೆ.

ಇನ್ನು ಪರದೆ. ಅಂಗೈಗಿಂತ ಅಗಲದ ಹೊಳೆಯುವ ಪ್ಲಾಸ್ಟಿಕ್. ದೀಪ 45ರಲ್ಲಿದ್ದರೆ ಪ್ರತಿಬಿಂಬ 22.5ರಲ್ಲಿ, ಅಂದರೆ ಪರದೆ ದೀಪಕ್ಕೂ ಕನ್ನಡಿಗೂ ನಡುವೆ ಬರಬೇಕು. ಇಷ್ಟು ಅಗಲದ್ದನ್ನು ಅಲ್ಲಿ ನಿಲ್ಲಿಸಿದರೆ ಬೆಳಕು ಕನ್ನಡಿಗೆ ಹೋಗೋದಾದರೂ ಹೇಗೆ? ಮಾಡಿದವರು ಒಮ್ಮೆಯೂ ಇದನ್ನು ಬಳಸಿ ನೋಡಿಲ್ಲ ಅನ್ನಿಸುತ್ತೆ. ನಾನು ಅದನ್ನು ಪಕ್ಕಕ್ಕಿಟ್ಟು ಬಿಳಿ ಡ್ರಾಯಿಂಗ್ ಹಾಳೆಯ ಸಣ್ಣ ಪಟ್ಟಿ ಬಳಸುತ್ತೇನೆ, ಕನ್ನಡಿಯನ್ನು ಒಂಚೂರು ಓರೆ ಮಾಡುತ್ತೇನೆ.

ಆ ಪಟ್ಟಿಯನ್ನೂ ತೆಗೆದುಬಿಡಿ. ಕಿಟ್‌ನ ನಿಜವಾದ ಮಜಾ ಇರೋದು ಇಲ್ಲಿ. ದೀಪ 30ರಲ್ಲಿ, ಪ್ರತಿಬಿಂಬವೂ 30ರಲ್ಲಿ, ಅಷ್ಟೇ ಗಾತ್ರ. ಕನ್ನಡಿಯಿಂದ ಒಂದು ಅರವತ್ತು ಸೆಂ.ಮೀ. ಹಿಂದೆ ಸರಿದು ಕನ್ನಡಿಯ ಕಡೆ ನೋಡಿದರೆ ಎಫ್ ಸುಮ್ನೆ ಗಾಳಿಯಲ್ಲಿ ನಿಂತಿರುತ್ತದೆ. ಹುಡುಗರು ಕೈ ಚಾಚಿ ಹಿಡಿಯಲು ನೋಡುತ್ತಾರೆ. ಪರದೆ ಇರಲಿ ಬಿಡಲಿ, ಕಿರಣಗಳು ಅಲ್ಲಿ ಕೂಡುತ್ತವೆ ಅನ್ನೋದು ಅವರಿಗೆ ಹೊಳೆಯೋದು ಆಗಲೇ. ಪುಸ್ತಿಕೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಇಲ್ಲದ್ದು ಹೋಗಲಿ, ಇರೋದೂ ತಪ್ಪು. ಅರ್ಧ ಕನ್ನಡಿ ಮುಚ್ಚಿದರೆ ಅರ್ಧ ಪ್ರತಿಬಿಂಬ ಬರುತ್ತದಂತೆ! ಮುಚ್ಚಿ ನೋಡಿ, ಎಫ್ ಇಡಿಯಾಗೇ ಇರುತ್ತದೆ, ಮಸುಕಾಗುತ್ತದೆ ಅಷ್ಟೆ. ಉಳಿದ ಅರ್ಧದಿಂದಲೂ ದೀಪದ ಪ್ರತಿ ಬಿಂದುವಿನ ಕಿರಣ ಬರುತ್ತವೆ ಅಲ್ವಾ. ಮುಚ್ಚುವುದಾದರೆ ಅಂಚನ್ನು ಮುಚ್ಚಿ: ನಡುವೆ ತೂತಿರುವ ಕಪ್ಪು ಕಾಗದ ಇಟ್ಟರೆ ಬೆಳಕು ಕಡಿಮೆಯಾದರೂ ಅಕ್ಷರದ ಅಂಚು ಚೂಪಾಗುತ್ತದೆ. ಅಂಚಿಗೆ ಬಿದ್ದ ಕಿರಣಗಳು ಕನ್ನಡಿಗೆ ಇನ್ನೂ ಹತ್ತಿರದಲ್ಲೇ ಕೂಡುವುದರಿಂದ ಮೊದಲು ಆ ಮಬ್ಬು ಇತ್ತು. ಇನ್ನೊಂದು ಪುಟದಲ್ಲಿ ಬಿಸಿಲಿನಿಂದ ಕಾಗದ ಸುಡುವ ಪ್ರಯೋಗ ಇದೆ, ಕಣ್ಣಿನ ಬಗ್ಗೆ ಎಚ್ಚರಿಕೆಯೇ ಇಲ್ಲ. ಆ ಪುಟವನ್ನು ಹರಿದು ಹಾಕಿದೆ.

ಪೀನ ದರ್ಪಣ ಲೆಕ್ಕ ಭರ್ತಿಗೆ ಕೊಟ್ಟಂತಿದೆ. ಅದರ ಸಂಗಮದೂರವೂ 15 ಸೆಂ.ಮೀ. ವಸ್ತು 30ರಲ್ಲಿದ್ದರೆ ಪ್ರತಿಬಿಂಬ 10 ಸೆಂ.ಮೀ. ಹಿಂದೆ, ಮೂರನೇ ಒಂದು ಪಾಲು ಗಾತ್ರ. ಆದರೆ ಪರದೆಗೆ ಸಿಗದ್ದನ್ನು ಅಳೆಯುವುದು ಹೇಗೆ? ಮುಂದೆ ಒಂದು ಸೂಜಿ, ಕನ್ನಡಿಯ ಹಿಂದೆ ತಲೆ ಎತ್ತಿದ ಇನ್ನೊಂದು ಸೂಜಿ ಇರಬೇಕು. ನೋಡುವವರು ತಮ್ಮ ತಲೆ ಅತ್ತಿತ್ತ ಆಡಿಸಿದಾಗ ಹಿಂದಿನ ಸೂಜಿ ಪ್ರತಿಬಿಂಬದ ಜೊತೆಗೇ ಸರಿದರೆ ಅದೇ ಜಾಗ. ಆ ಎರಡು ಸೂಜಿ ಈ ಡಬ್ಬಿಯಲ್ಲಿಲ್ಲ, ನೀವೇ ಹೊಂದಿಸಿಕೊಳ್ಳಬೇಕು.