ಎಡಗೈ ದಾರಿ: ಶ್ರೀವಿದ್ಯೆ, ಲಾವೇ ಎರಡನ್ನೂ ಮಾಡಿ ನೋಡಿದಾಗ

ಎಡಗೈಯಲ್ಲಿ ಏನಾದರೂ ಕೊಟ್ಟರೆ ಅಜ್ಜಿ ಕೈಮೇಲೆ ಒಂದು ಬಿಡುತ್ತಿದ್ದರು. ಹಾಗಾಗಿ ಶ್ರೀವಿದ್ಯೆಯ, ಅಂದರೆ ದೇವಿಯನ್ನು ಶ್ರೀಚಕ್ರ ಅನ್ನೋ ಯಂತ್ರದಲ್ಲಿ ಪೂಜಿಸುವ ತಾಂತ್ರಿಕ ಸಂಪ್ರದಾಯದ, ನವಾವರಣ ಪೂಜೆ ಕಲಿಸುವಾಗ ಗುರುಗಳು ‘ಶುಂಠಿ ಚೂರನ್ನ ಎಡಗೈಲಿ ಹಿಡಿ’ ಅಂದಾಗ ತಡವರಿಸಿದೆ. ಬಲಗೈಯಲ್ಲಿ ಹೂವು, ಅಕ್ಷತೆ. ಎಡಗೈಯಲ್ಲಿ ವಿಶೇಷಾರ್ಘ್ಯದಲ್ಲಿ (ಪಾತ್ರೆಯಲ್ಲಿಟ್ಟ ಅರ್ಪಣೆಯ ದ್ರವ) ಅದ್ದಿದ ಶುಂಠಿ. ‘ಪೂಜಯಾಮಿ ತರ್ಪಯಾಮಿ ನಮಃ’ ಅನ್ನುತ್ತಾ ಎರಡೂ ಕೈ ಒಟ್ಟಿಗೆ ಅರ್ಪಿಸಬೇಕು. ಶ್ರೀಚಕ್ರದ ಒಂಬತ್ತು ಆವರಣ (ಸುತ್ತು), ಪ್ರತಿ ದೇವತೆಗೂ ಹೀಗೆ. ನನಗೆ ಮೂರು ಗಂಟೆ ಹಿಡಿಯಿತು.

ಮದ್ಯ ಮಾಂಸ ಬಳಸುವ ತಾಂತ್ರಿಕರಾದ ಕೌಲರ ಪೂಜೆಯಲ್ಲಿ ಆ ಪಾತ್ರೆಯಲ್ಲಿ ಮದ್ಯ ಇರುತ್ತದೆ, ಶುಂಠಿಯ ಜಾಗದಲ್ಲಿ ಮಾಂಸ. ನಮ್ಮದರಲ್ಲಿ ಹಾಲು. ಇದು ಹಳೇ ಜಗಳ. 16ನೇ ಶತಮಾನದ ವ್ಯಾಖ್ಯಾನಕಾರ ಲಕ್ಷ್ಮೀಧರ ಕೌಲವನ್ನು ಒಪ್ಪಲಿಲ್ಲ. 18ನೇ ಶತಮಾನದ ಶ್ರೀವಿದ್ಯಾ ಪಂಡಿತ ಭಾಸ್ಕರರಾಯರು ಅದರ ಪರ ನಿಂತರು.

ಇನ್ನೊಂದು ಎಡ ದಾರಿ ಸಿಕ್ಕಿದ್ದು ಕ್ಯಾಲಿಫೋರ್ನಿಯಾದಲ್ಲಿ, ಕೆಲಸಕ್ಕೆ ಹೋಗಿದ್ದಾಗ. 1966ರಲ್ಲಿ ಆಂಟನ್ ಲಾವೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚರ್ಚ್ ಆಫ್ ಸೇಟನ್ (ಸೈತಾನನ ಚರ್ಚ್) ಶುರು ಮಾಡಿದ್ದ. ಅವನ ಪುಸ್ತಕ ತಂದೆ. ‘ಎಡಗೈ ದಾರಿ’ ಅನ್ನೋ ಮಾತು ಇಂಗ್ಲಿಷಿಗೆ ಹೋಗಿದ್ದೇ ನಮ್ಮ ವಾಮಾಚಾರದಿಂದ (ವಾಮ ಅಂದರೆ ಎಡ). ಥಿಯಾಸಫಿ ಅನ್ನೋ ಆಧ್ಯಾತ್ಮಿಕ ಚಳವಳಿಯ ಬ್ಲಾವಟ್ಸ್ಕಿ ಅದನ್ನು ಮಾಟಮಂತ್ರಕ್ಕೆ ಬೈಗುಳವಾಗಿ ಬಳಸಿದರು. ಮುಂದೆ ಬಂದವರು ಆ ಬೈಗುಳವನ್ನೇ ಹೆಸರು ಮಾಡಿಕೊಂಡರು.

ಲಾವೇ ವಿಧಿ ಸುಲಭ. ಗುರು ಬೇಡ, ದೀಕ್ಷೆ ಬೇಡ. ಕಪ್ಪು ಮೋಂಬತ್ತಿ, ಬಟ್ಟಲು, ಕತ್ತಿ (ನನ್ನದು ತರಕಾರಿ ಹೆಚ್ಚುವ ಚಾಕು). ಅಪ್ರದಕ್ಷಿಣೆಯಾಗಿ ತಿರುಗುತ್ತಾ ಗಂಟೆ ಒಂಬತ್ತು ಸಲ ಬಾರಿಸಬೇಕು. ಇಲ್ಲೂ ಒಂಬತ್ತು, ನೋಡಿ! ಬೇಕಾದ್ದನ್ನು ಚೀಟಿಯಲ್ಲಿ ಬರೆದು ಸುಡಬೇಕು. ಅಷ್ಟರಲ್ಲಿ ಹೊಗೆ ಅಲಾರಂ ಕೂಗಿತು. ಕುರ್ಚಿ ಹತ್ತಿ ಟವೆಲ್ ಬೀಸಿದೆ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು.

ನಿಜ ಹೇಳಬೇಕೆಂದರೆ ನನಗೆ ಏನೂ ಆಗಲಿಲ್ಲ. ಸೈತಾನ ಅಂದರೆ ನನಗೆ ಯಾರು? ಶಿರಸಿ ಮಾರಿಜಾತ್ರೆ ನೋಡಿದವನು ನಾನು, ಬುರುಡೆ ಹಿಡಿದ ಭೈರವನಿಗೆ ಕೈಮುಗಿದವನು. ತಲೆಕೆಳಗಾದ ಶಿಲುಬೆ ನನಗೆ ಬರೀ ಚಿತ್ರ. ಆದರೆ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದ ಸಹೋದ್ಯೋಗಿಯೊಬ್ಬ ಅದೇ ಪುಸ್ತಕದ ಮೊದಲ ಪುಟಗಳನ್ನು ಜೋರಾಗಿ ಓದಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಮುಖ ಬಿಳಚಿಕೊಂಡಿತ್ತು. ನನಗೆ ಶುಂಠಿ ಮಾಡಿದ ಕೆಲಸವನ್ನು ಅವನಿಗೆ ಆ ಪುಟ ಮಾಡಿತು. ಅಜ್ಜಿ ಯಾವ ಕೈಗೆ ಹೊಡೆದಿದ್ದರೋ ಆ ಕೈ ಮಾತ್ರ ಎಡಗೈ, ಅಲ್ವಾ? ಹಾಗೆ ನೋಡಿದರೆ, ಪ್ರತಿ ಭಾನುವಾರ ಬಿರಿಯಾನಿ ತಿನ್ನುವವನಿಗೆ ಕೌಲರ ಮಾಂಸದಿಂದ ಏನಾಗಬೇಕು?

ಗುರಿಯೂ ಬೇರೆ. ನವಾವರಣದ ಕೊನೆಗೆ ದೇವಿ ಬೇರೆ, ನಾನು ಬೇರೆ ಅಲ್ಲ ಅನ್ನಬೇಕು, ‘ನಾನು’ ಕರಗಬೇಕು. ಲಾವೇ ಲೆಕ್ಕದಲ್ಲಿ ವರ್ಷದ ದೊಡ್ಡ ಹಬ್ಬ ಅವರವರ ಹುಟ್ಟುಹಬ್ಬ! ಅವನಿಗೆ ಸೈತಾನ ಬರೀ ಸಂಕೇತ. ಸೈತಾನ ನಿಜವಾದ ಶಕ್ತಿ ಅಂತ ನಂಬಿದ್ದ ಮೈಕಲ್ ಅಕ್ವಿನೋ ಲಾವೇಯ ಚರ್ಚ್ ಬಿಟ್ಟು 1975ರಲ್ಲಿ ಟೆಂಪಲ್ ಆಫ್ ಸೆಟ್ ಅನ್ನೋ ಬೇರೆ ಪಂಥ ಕಟ್ಟಿದ. ಅದನ್ನು ನಾನು ಮಾಡಿ ನೋಡಿಲ್ಲ.

ಹಾಗಂತ ಲಾವೇ ಪೂರ್ತಿ ದಂಡ ಅಲ್ಲ. ನನಗೆ ತುಂಬ ಸಿಟ್ಟಿದ್ದ ಒಬ್ಬರ ಹೆಸರು ಬರೆದು ಸುಟ್ಟ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಪೂಜೆಯಲ್ಲಿ ನನ್ನ ಸಿಟ್ಟಿಗೆ ಯಾರೂ ಜಾಗ ಕೊಟ್ಟಿರಲಿಲ್ಲ. ಗುರು ಬೇಕೇ ಬೇಕು ಅನ್ನುವುದರಲ್ಲೂ ಅಪಾಯ ಇದೆ. ಮೊದಲು ಹೋಗಿದ್ದ ಒಬ್ಬರು ದೋಷ ಪರಿಹಾರ ಅಂತ ದುಡ್ಡು ಕೇಳಿದರು, ಎದ್ದು ಬಂದೆ. ಎರಡನೆಯವರು ಗಣಪತಿ, ಬಾಲಾ ಮಂತ್ರದಲ್ಲೇ ಒಂದು ವರ್ಷ ಕೂರಿಸಿ ಆಮೇಲೆ ಶ್ರೀವಿದ್ಯೆಯ ಮುಖ್ಯ ಮಂತ್ರವಾದ ಪಂಚದಶಿ ಕೊಟ್ಟರು. ದುಡ್ಡು ಕೇಳಲಿಲ್ಲ, ಬೈದರು ಜಾಸ್ತಿ.

ಈಗ ಹುಣ್ಣಿಮೆಗೆ ನವಾವರಣ ಮಾಡುತ್ತೇನೆ. ಸಿಟ್ಟು ಬಂದಾಗ ಚೀಟಿ ಬರೆಯುವುದನ್ನೂ ಬಿಟ್ಟಿಲ್ಲ. ಉಳಿದ ಕಪ್ಪು ಮೋಂಬತ್ತಿಗಳನ್ನು ಕರೆಂಟ್ ಹೋದಾಗ ಹಚ್ಚುತ್ತೇವೆ.