‘ಕಂಪುಂಗ್’ ಪದ ಹಿಡಿದು ಎರಡು ಮಲಯ ನಿಘಂಟುಗಳ ಪರೀಕ್ಷೆ

ಮಲಯ ಕಲಿಯುವವರು ಮೊದಲ ವಾರದಲ್ಲೇ ಬರೆದುಕೊಳ್ಳುವ ಪದ ‘ಕಂಪುಂಗ್’, ಅರ್ಥ ‘ಹಳ್ಳಿ’. ಅಷ್ಟನ್ನೇ ನಂಬಿ ಕ್ವಾಲಾಲಂಪುರದ ಕಂಪುಂಗ್ ಬಾರು ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ, ಪೆಟ್ರೋನಾಸ್ ಅವಳಿ ಗೋಪುರ ಕೂಗಳತೆಯಲ್ಲಿ ನಿಂತಿರುತ್ತದೆ. ಪದದ ಒಳಗೆ ಇನ್ನೂ ಏನೇನೋ ಇದೆ. ಅದನ್ನು ಅಂತರ್ಜಾಲದ ಉಚಿತ ನಿಘಂಟುಗಳು ಎಷ್ಟರಮಟ್ಟಿಗೆ ಬಿಡಿಸಿ ಹೇಳುತ್ತವೆ ಎಂದು ನೋಡಲು ಎರಡನ್ನು ಆರಿಸಿದ್ದೇವೆ. ಒಂದು ಮಲೇಷ್ಯಾದ ಪಿಆರ್‌ಪಿಎಂ. ಇದನ್ನು ನಡೆಸುವುದು 1956ರಲ್ಲಿ ಸ್ಥಾಪನೆಯಾದ ಸರ್ಕಾರಿ ಭಾಷಾ ಸಂಸ್ಥೆ ದೇವಾನ್ ಬಹಾಸಾ ದಾನ್ ಪುಸ್ತಕಾ. ಇನ್ನೊಂದು ಇಂಡೋನೇಷ್ಯಾದ ಕೆಬಿಬಿಐ. 1988ರಲ್ಲಿ ಮೊದಲು ಅಚ್ಚಾದ ದೊಡ್ಡ ನಿಘಂಟಿನ ಜಾಲರೂಪ ಇದು.

ಪಿಆರ್‌ಪಿಎಂನ ಹುಡುಕುವ ಪೆಟ್ಟಿಗೆಯಲ್ಲಿ ಪದ ಹಾಕಿದರೆ ಒಂದೇ ಪುಟದಲ್ಲಿ ಹಲವು ನಿಘಂಟುಗಳ ಉತ್ತರ ಸುರಿಯುತ್ತದೆ. ಶಾಲಾ ಮಕ್ಕಳ ನಿಘಂಟಿನ ಅರ್ಥವೂ ಇರುತ್ತದೆ, ಇದೇ ಸಂಸ್ಥೆಯ ದೊಡ್ಡ ನಿಘಂಟು ‘ಕಾಮುಸ್ ದೇವಾನ್’ ನಾಲ್ಕನೆಯ ಆವೃತ್ತಿಯ ಅರ್ಥವೂ ಇರುತ್ತದೆ. ಪ್ರತಿ ಅರ್ಥದ ಕೊನೆಯಲ್ಲಿ ಅದು ಯಾವ ನಿಘಂಟಿನದು ಎಂದು ಆವರಣದಲ್ಲಿ ಬರೆದಿರುತ್ತಾರೆ. ಹೊಸಬರು ಮೊದಲು ಕಂಡ ಅರ್ಥವನ್ನೇ ಎತ್ತಿಕೊಳ್ಳುತ್ತಾರೆ, ಕೆಲಸ ಕೆಡುವುದು ಅಲ್ಲಿ. ಕೆಳಗೆ ಸರಿದು ‘ಕಾಮುಸ್ ದೇವಾನ್’ ಎಂದಿರುವ ಭಾಗವನ್ನೇ ಓದಬೇಕು. ಹಳ್ಳಿ ಎಂಬ ಅರ್ಥದ ಜೊತೆಗೆ, ಪಟ್ಟಣದೊಳಗೆ ಒಂದು ಸಮುದಾಯದವರು ಒತ್ತಾಗಿ ವಾಸಿಸುವ ಜಾಗ ಎಂಬ ಅರ್ಥ ಸಿಗುವುದು ಅಲ್ಲೇ. ಮಲಕ್ಕಾದ ಕಂಪುಂಗ್ ಕ್ಲಿಂಗ್, ಸಿಂಗಪುರದ ಕಂಪೋಂಗ್ ಗ್ಲಾಮ್ ಹುಟ್ಟಿದ್ದು ಈ ಅರ್ಥದಿಂದ. ಕನ್ನಡದಲ್ಲಿ ಇದಕ್ಕೆ ‘ಹಳ್ಳಿ’ ಹೊಂದುವುದಿಲ್ಲ, ‘ಕೇರಿ’ ಹೊಂದುತ್ತದೆ.

ಮಲಯವನ್ನು ಅರಬ್ಬಿ ಅಕ್ಷರಗಳಲ್ಲಿ ಬರೆಯುವ ಜಾವಿ ಲಿಪಿಯ ಬರಹವನ್ನೂ ಕೊಡುವುದು ಈ ತಾಣದ ಹೆಚ್ಚುಗಾರಿಕೆ. ಉಚ್ಚಾರಣೆಯ ವಿಷಯದಲ್ಲಿ ಮಾತ್ರ ನೆರವು ಕಡಿಮೆ. ಬರೆಯುವುದು ‘ಪುಂಗ್’ ಎಂದಾದರೂ ಮಲೇಷ್ಯಾದವರ ಬಾಯಲ್ಲಿ ಕೊನೆಯ ಸ್ವರ ‘ಒ’ಕಾರದ ಕಡೆಗೆ ವಾಲುತ್ತದೆ, ಗಕಾರ ಕೇಳಿಸುವುದೇ ಇಲ್ಲ. ನಮ್ಮ ವರ್ಣಮಾಲೆಯಲ್ಲಿ ಇದ್ದೂ ಕೆಲಸವಿಲ್ಲದೆ ಕೂತಿರುವ ‘ಙ’ಕ್ಕೆ ಇಲ್ಲೊಂದು ಕೆಲಸವಿದೆ: ‘ಕಂಪೊಙ್’ ಎಂದರೆ ಸರಿಯಾಗಿ ಬರುತ್ತದೆ. ಹಳೆಯ ಕಾಗುಣಿತ ‘ಕಂಪೋಂಗ್’ ಇದ್ದುದೂ ಇದೇ ಉಚ್ಚಾರಣೆಗೆ ಹತ್ತಿರವಾಗಿ. 1972ರಲ್ಲಿ ಮಲೇಷ್ಯಾ ಮತ್ತು ಇಂಡೋನೇಷ್ಯಾ ಕಾಗುಣಿತ ಸುಧಾರಿಸಿದ ಮೇಲೆ ‘ಕಂಪುಂಗ್’ ನಿಂತಿತು. ಬ್ರೂನೈ ಮತ್ತು ಸಿಂಗಪುರದ ಸ್ಥಳನಾಮಗಳಲ್ಲಿ ಹಳೆಯದೇ ಉಳಿದಿದೆ, ಬ್ರೂನೈ ರಾಜಧಾನಿ ಬಂದರ್ ಸೆರಿ ಬೆಗವಾನ್‌ನ ನೀರ ಮೇಲಿನ ‘ಕಂಪೋಂಗ್ ಆಯೆರ್’ ಅದಕ್ಕೆ ಸಾಕ್ಷಿ. ನಿಘಂಟಿನಲ್ಲಿ ಹುಡುಕುವಾಗ ಹೊಸ ಕಾಗುಣಿತವನ್ನೇ ಹಾಕಿ.

ಪ್ರತ್ಯಯ ಸೇರಿದಾಗ ಈ ಪದ ರೂಪ ಬದಲಿಸುತ್ತದೆ, ಹೆಚ್ಚಿನವರು ದಾರಿ ತಪ್ಪುವುದು ಆಗಲೇ. ‘ಬೆರ್’ ಸೇರಿದರೆ ‘ಬೆರ್ಕಂಪುಂಗ್’. ಇದಕ್ಕೆ ಒಂದೆಡೆ ಸೇರುವುದು, ಬೀಡುಬಿಡುವುದು ಎಂಬ ಅರ್ಥವೂ ಇದೆ. ಪತ್ರಿಕೆಯ ತಲೆಬರಹದಲ್ಲಿ ಯುವಕರು ರಾಜಧಾನಿಯಲ್ಲಿ ‘ಬೆರ್ಕಂಪುಂಗ್’ ಮಾಡಿದರು ಎಂದಿದ್ದರೆ ಅಲ್ಲಿ ಯಾರೂ ಹಳ್ಳಿ ಕಟ್ಟುತ್ತಿಲ್ಲ, ನೆರೆದಿದ್ದಾರೆ ಅಷ್ಟೇ. ‘ಮೆಂಗ್’ ಸೇರಿದರೆ ಮೂಲದ ಕಕಾರ ಲೋಪವಾಗಿ ‘ಮೆಂಗಂಪುಂಗ್ಕಾನ್’ ಆಗುತ್ತದೆ, ಒಟ್ಟುಗೂಡಿಸು ಎಂದು ಅರ್ಥ. ಈ ರೂಪವನ್ನು ಕಂಡು ‘ಅಂಪುಂಗ್’ ಎಂಬ ಧಾತು ಹುಡುಕಿದರೆ ಬೇರೆಯೇ ಅರ್ಥದ ಪದ ಕೈಗೆ ಸಿಗುತ್ತದೆ. ಪೂರ್ವಪ್ರತ್ಯಯ ಕಿತ್ತ ಮೇಲೆ ಕಕಾರವನ್ನು ಮರಳಿ ಹಚ್ಚಿ ಹುಡುಕಿ. ಈ ಸಾಧಿತ ರೂಪಗಳ ವಿವರಣೆಯಲ್ಲಿ ಪಿಆರ್‌ಪಿಎಂ ನಮಗೆ ಮೆಚ್ಚುಗೆಯಾಯಿತು.

ಕೆಬಿಬಿಐ ನೋಡಲು ಅಚ್ಚುಕಟ್ಟು. ಪದವನ್ನು ಚುಕ್ಕೆಯಿಟ್ಟು ಉಚ್ಚಾರಾಂಶಗಳಾಗಿ ಒಡೆದು ತೋರಿಸುತ್ತದೆ, ಅರ್ಥಗಳಿಗೆ ಸಂಖ್ಯೆ ಕೊಡುತ್ತದೆ. ನೋಂದಾಯಿಸದೆ ಬಳಸಿದರೆ ದಿನಕ್ಕೆ ಇಂತಿಷ್ಟೇ ಹುಡುಕಾಟ ಎಂಬ ಮಿತಿ ಇರುವುದು ಕಿರಿಕಿರಿ, ಅನುವಾದದ ಕೆಲಸ ಮಾಡುವವರು ಖಾತೆ ತೆರೆದುಕೊಳ್ಳುವುದು ಒಳ್ಳೆಯದು. ಈ ನಿಘಂಟಿನ ಬೆಲೆ ಗೊತ್ತಾಗುವುದು ‘ಕಂಪುಂಗಾನ್’ ಹುಡುಕಿದಾಗ. ಹಳ್ಳಿಗೆ ಸಂಬಂಧಿಸಿದ್ದು ಎಂಬ ಸೌಮ್ಯ ಅರ್ಥದ ಪಕ್ಕದಲ್ಲೇ ಹಿಂದುಳಿದ, ಸಭ್ಯತೆ ತಿಳಿಯದ ಎಂಬ ಅರ್ಥಗಳನ್ನು ಮುಚ್ಚುಮರೆಯಿಲ್ಲದೆ ಕೊಟ್ಟಿದ್ದಾರೆ. ಜಕಾರ್ತದಲ್ಲಿ ಒಬ್ಬರನ್ನು ‘ಕಂಪುಂಗಾನ್’ ಎಂದರೆ ಅದು ಬೈಗುಳ, ‘ಹಳ್ಳಿ ಗಮಾರ’ ಎಂದಂತೆ. ಮೆಚ್ಚುಗೆಯ ಮಾತೆಂದು ಯಾರಿಗೂ ಹೇಳಬೇಡಿ. ಊರಿನವರು ಎನ್ನಬೇಕಾದರೆ ‘ಒರಾಂಗ್ ಕಂಪುಂಗ್’ ಎನ್ನಬಹುದು, ಅದಕ್ಕೂ ದನಿ ಮುಖ್ಯ.

ಇಂಡೋನೇಷ್ಯಾದಲ್ಲಿ ಆಡಳಿತದ ಹಳ್ಳಿಗೆ ಸಾಮಾನ್ಯವಾಗಿ ‘ದೇಸಾ’ ಎನ್ನುತ್ತಾರೆ, ಪಾಪುವಾದಂಥ ಕೆಲವು ಕಡೆ ಆ ಮಟ್ಟಕ್ಕೂ ‘ಕಂಪುಂಗ್’ ಎಂದೇ ಹೆಸರು. ಸಂಸ್ಕೃತದ ‘ದೇಶ’ವೇ ಈ ‘ದೇಸಾ’. ಅಷ್ಟು ದೂರ ಪ್ರಯಾಣ ಮಾಡಿ ಹಳ್ಳಿಯಷ್ಟಾಗಿದೆ! ಮಲೇಷ್ಯಾದಲ್ಲಿ ಅದೇ ‘ದೇಸಾ’ ವಸತಿ ಬಡಾವಣೆಗಳ ಹೆಸರಿಗೂ ಅಂಟಿಕೊಳ್ಳುತ್ತದೆ. ‘ದುಸುನ್’ ಇಂಡೋನೇಷ್ಯಾದಲ್ಲಿ ಸಣ್ಣ ಹಳ್ಳಿ, ಮಲೇಷ್ಯಾದವರು ‘ದುಸುನ್ ದುರಿಯಾನ್’ ಎಂದರೆ ದುರಿಯಾನ್ ಹಣ್ಣಿನ ತೋಟ. ಎರಡು ದೇಶದ ಪಠ್ಯಕ್ಕೆ ಒಂದೇ ನಿಘಂಟು ಇಟ್ಟುಕೊಂಡವರು ಇಂಥ ಕಡೆ ಜಾರುತ್ತಾರೆ.

ಜೋಡಿಪದ ಹುಡುಕುವಾಗ ನೆನಪಿಡಬೇಕಾದ್ದು, ಮಲಯದಲ್ಲಿ ವಿಶೇಷ್ಯ ಮೊದಲು, ವಿಶೇಷಣ ಆಮೇಲೆ, ನಮ್ಮ ಕ್ರಮಕ್ಕೆ ತಿರುವುಮುರುವು. ‘ಆಯಾಮ್ ಕಂಪುಂಗ್’ ಸೇರುವುದು ಆಯಾಮ್, ಅಂದರೆ ಕೋಳಿಯ ಗುಂಪಿಗೆ. ಕನ್ನಡಕ್ಕೆ ‘ಹಳ್ಳಿ ಕೋಳಿ’ ಎಂದು ತಿಣುಕಬೇಕಾಗಿಲ್ಲ, ‘ನಾಟಿ ಕೋಳಿ’ ಸಿದ್ಧವಾಗಿಯೇ ಇದೆ. ‘ಕೆತುವಾ ಕಂಪುಂಗ್’ ಹಳ್ಳಿಯ ಮುಖ್ಯಸ್ಥ, ಅದು ‘ಕೆತುವಾ’ದಡಿ. ಹಬ್ಬದ ಮುಂಚೆ ಮಲೇಷ್ಯಾದ ಹೆದ್ದಾರಿಗಳನ್ನು ತುಂಬಿಸುವ ‘ಬಾಲಿಕ್ ಕಂಪುಂಗ್’ಗೆ ‘ಹಳ್ಳಿಗೆ ಮರಳುವುದು’ ಎಂದು ಬರೆದ ಅನುವಾದ ಸಪ್ಪೆ. ತವರು ಪಟ್ಟಣವಾದರೂ ಅವರು ಹಾಗೆಯೇ ಹೇಳುತ್ತಾರೆ. ಹಬ್ಬಕ್ಕೆ ‘ಊರಿಗೆ ಹೋಗುವುದು’ ಎಂದರೆ ಭಾವವೂ ಸರಿ, ವ್ಯಾಪ್ತಿಯೂ ಸರಿ. ಇಂಥ ಕಡೆ ನಿಘಂಟುಗಳು ಅರ್ಥ ಕೊಡುತ್ತವೆಯೇ ಹೊರತು ಕಾವು ಕೊಡುವುದಿಲ್ಲ.

ನಿಘಂಟನ್ನು ಮಾತ್ರ ನಂಬಿದರೆ ಕೈಕೊಡುವ ಜಾಗಗಳೂ ಇವೆ. ವಿಳಾಸದಲ್ಲಿ ಕಂಪುಂಗ್‌ನ ಸಂಕ್ಷೇಪ ‘ಕೆ.ಜಿ.’ ಎಂದಿರುತ್ತದೆ. ಅದನ್ನೇ ಯಂತ್ರಾನುವಾದಕ್ಕೆ ಕೊಟ್ಟರೆ ಕಿಲೋಗ್ರಾಂ ಆಗಬಹುದು, ಬಿಡಿಸಿ ಬರೆದು ಕೊಡಿ. ಕಾಂಬೋಡಿಯಾದ ಕಂಪೋಂಗ್ ಚಾಮ್ ನೋಡಿ ಹಳ್ಳಿ ಎನ್ನಬೇಡಿ, ಖ್ಮೇರ್ ಭಾಷೆಯಲ್ಲಿ ಅದು ದೋಣಿ ತಂಗುವ ದಡ. ಹೋಟೆಲಿನ ‘ನಾಸಿ ಗೊರೆಂಗ್ ಕಂಪುಂಗ್’ ಹುರಿದ ಅನ್ನ, ನಿಜ. ಆದರೆ ಒಣ ಮೀನು, ಸಿಗಡಿ ಹುಳಿಯಿಸಿ ಮಾಡಿದ ಬೆಲಾಚಾನ್ ಅದರ ಮಾಮೂಲಿ ಸಾಮಗ್ರಿ. ಹಳ್ಳಿಯ ಅಡುಗೆ ಎಂದು ಸಸ್ಯಾಹಾರಿಗಳು ನಿಶ್ಚಿಂತೆಯಿಂದ ತರಿಸಿಕೊಳ್ಳುವಂತಿಲ್ಲ. ಇಂಗ್ಲಿಷಿನಿಂದ ನಮಗೆ ಬಂದ ಗೋಡೆಯ ‘ಕಾಂಪೌಂಡ್’ ಕೂಡ ಇದೇ ಕಂಪುಂಗ್‌ನ ಮಗು ಎಂಬುದು ಪದಮೂಲ ತಜ್ಞರಲ್ಲಿ ಹೆಚ್ಚಿನವರ ಅಭಿಪ್ರಾಯ.

ಎರಡರಲ್ಲಿ ಮೊದಲು ಯಾವುದು ಎಂದರೆ, ಮಲೇಷ್ಯಾ, ಬ್ರೂನೈ, ಸಿಂಗಪುರದ ಪಠ್ಯಕ್ಕೆ ಪಿಆರ್‌ಪಿಎಂ ತೆರೆಯಿರಿ. ಗಾದೆಗಳ ವಿಭಾಗವನ್ನೂ ಬಿಡಬೇಡಿ, ‘ರುಸಾ ಮಾಸುಕ್ ಕಂಪುಂಗ್’ ಅಂದರೆ ಊರು ಹೊಕ್ಕ ಜಿಂಕೆ, ಕಕ್ಕಾಬಿಕ್ಕಿಯಾದವನ ಚಿತ್ರ. ಪಠ್ಯ ಇಂಡೋನೇಷ್ಯಾದ್ದಾದರೆ, ಅಥವಾ ಪದದಲ್ಲಿ ಅವಹೇಳನದ ವಾಸನೆ ಬಂದರೆ, ಕೆಬಿಬಿಐ ನೋಡದೆ ವಾಕ್ಯ ಮುಗಿಸಬೇಡಿ.